ಬಜೆ ಹಚ್ಚಿದ ನಾಲಿಗೆ

ನಮ್ಮ ಕಲಬುರಗಿ ಸೀಮೆಯ ಚಂದಾಪುರದ ಕಿರಾಣಿ ಅಂಗಡಿಯೊಂದರಲ್ಲಿ ಮೊನ್ನೆ ಸಾಬೂನು ಕೊಳ್ಳುತ್ತ ನಿಂತಿದ್ದೆ. ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡಿದ್ದ ಮುದುಕಿಯೊಬ್ಬಳು ಬಜೆ ಬೇರು ಕೇಳಿದಳು. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿದು ನಾನು ಸೇಡಂನ ನಮ್ಮ ಹಳೆಯ ಪಡಸಾಲೆಗೆ ಹೋಗಿ ಕೂತುಬಿಟ್ಟೆ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಫರ್ಸಿ ಕಲ್ಲಿನ ನೆಲ, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ಕಂಬಕ್ಕೆ ಬೆನ್ನು ಕೊಟ್ಟು ಕೂತ ನಮ್ಮ ಆಯಿ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಕೆ ಬೆಳಗಾದರೆ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು, ಜೇನು ಕಲೆಸಿ, ನನ್ನ ಅಕ್ಕ ಜಗದೇವಿಯ ನಾಲಿಗೆಗೆ ಹಚ್ಚುತ್ತಿದ್ದಳು. ಮಾತು ಬಾರದ ಕೂಸುಗಳಿಗೆ ಹಚ್ಚುವ ಬಜೆ ಅದು. ಅಕ್ಕ ಆಗ ಏಳನೇ ತರಗತಿಯಲ್ಲಿ ಓದುತ್ತಿದ್ದಳು, ಅದೂ ಎರಡನೇ ಸಲ. ಕಹಿಗೆ ಮುಖ ಕಿವುಚಿದರೆ ಆಯಿ, "ನುಂಗವ್ವಾ, ನಾಲಿಗಿ ತಿರುಗತದ, ಓದು ಬರತದ" ಎಂದು ಗದ್ದ ಸವರುತ್ತಿದ್ದಳು.

ಅಕ್ಕನಿಗೆ ಓದು ಬರುತ್ತಿರಲಿಲ್ಲ, ಇಷ್ಟೇ ಸಂಗತಿ. ನಾಲಿಗೆಗೆ ಏನಾಗಿತ್ತು ಹೇಳಿ? ನಮ್ಮ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಏಕೈಕ ವಸ್ತು ಅಕ್ಕನ ನಾಲಿಗೆ. ಕುರಕುಂಟಾದ ಮದುವೆಗೆ ಹೋಗಿ ಬಂದಳೆಂದರೆ ಬೀಗರ ಜಗಳ, ಪೂಜಾರಿಯ ಕೆಮ್ಮು, ಬಡಿಸುವವರ ಜಿಪುಣತನ ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸಿ ನಮ್ಮನ್ನು ಉರುಳಾಡಿಸುತ್ತಿದ್ದಳು. ಒಮ್ಮೆ ಕೇಳಿದ ಹಾಡು ಮತ್ತೆ ಮರೆತದ್ದಿಲ್ಲ. ಆದರೆ ಪುಸ್ತಕ ಕೈಗೆ ಕೊಟ್ಟರೆ ಅವಳ ಹಣೆ ಬೆವರುತ್ತಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸುವಷ್ಟರಲ್ಲಿ ಮೊದಲಿನದು ಎಲ್ಲೋ ಜಾರಿರುತ್ತಿತ್ತು. ನಿನ್ನೆ ಓದಿದ ಪದ ಇವತ್ತು ಹೊಸ ಮುಖ ಹೊತ್ತು ಬರುತ್ತಿತ್ತು. ಅಷ್ಟಕ್ಕೇ ಊರಿನ ಜಾಣರೆಲ್ಲ ಚಹಾ ಕುಡಿಯಲು ಬಂದು ತೀರ್ಪು ಕೊಟ್ಟು ಹೋಗುತ್ತಿದ್ದರು: "ಪೋರಿ ನೋಡ್ಲಿಕ್ಕ ಹುಷಾರ್ ಕಾಣ್ತದ, ಖರೇ ಅಂದ್ರ ದಿಮಾಗ ಇಲ್ಲರಿ." ದಿನಪತ್ರಿಕೆಯಲ್ಲಿ ಪೇಟೆ ಧಾರಣೆಯ ಆಚೆ ಒಂದು ಸಾಲು ಓದದ ಮಂದಿ ಇವರು! ನನ್ನ ಅಕ್ಕನ ತಲೆಯ ತೂಕ ಹೇಳಲು ಬಂದಿದ್ದರು.

ಇವರಿಗೆಲ್ಲ ಗುರು ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ, ಹೆಡ್ ಮಾಸ್ತರರು. ಅವರ ವಿಷಯದಲ್ಲಿ ಬಹುವಚನ ಬಿಡಲು ನನಗಿನ್ನೂ ಬಾಯಿ ಬರುವುದಿಲ್ಲ, ಬೆಳೆಸಿದ್ದೇ ಹಾಗೆ. ಮರ್ಯಾದೆ ಮಾತ್ರ ಯಾವತ್ತೋ ಬಿಟ್ಟಿದ್ದೇನೆ. ಸರಕಾರ ಕೊಟ್ಟ ಶಾಲೆ ಸಾಲದೆಂದು ಅವರು ಮನೆಯನ್ನೂ ಶಾಲೆ ಮಾಡಿದ್ದರು. ಊಟಕ್ಕೆ ಗಂಟೆ ಹೊಡೆಯುವುದೊಂದು ಬಾಕಿ ಇತ್ತು. ಅವರ ಪಾಠವೆಂದರೆ ಬಾಯಿಪಾಠ. ಮಗ್ಗಿ ಬಾಯಿಪಾಠ, ಪದ್ಯ ಬಾಯಿಪಾಠ, ಪ್ರಶ್ನೆಗೆ ಉತ್ತರವೂ ಬಾಯಿಪಾಠ. ಅರ್ಥ ಕೇಳಿದವರಿಗೆ ಬೆತ್ತ. ಒಂದು ಸಂಜೆ ಅಕ್ಕ ಧೈರ್ಯ ಮಾಡಿ ಹೇಳಿಯೇಬಿಟ್ಟಳು: "ಅಕ್ಷರ ನಿಂತಲ್ಲಿ ನಿಂದ್ರಾಂಗಿಲ್ಲ, ದೊಡ್ಡಪ್ಪಾ. ಒಂದರ ಮ್ಯಾಲ ಒಂದು ಬೀಳಾಕತ್ತಾವ." ಪಾಪ, ಅದಕ್ಕಿಂತ ಸರಿಯಾಗಿ ಇವತ್ತಿನ ಡಾಕ್ಟರೂ ಹೇಳಲಾರರು. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿ, "ಅಕ್ಷರಕ್ಕ ಕಾಲು ಅವ ಏನು? ಕಳ್ಳಾಟ ಬಿಡು" ಅಂದರು. ಅಪ್ಪ ಅಲ್ಲೇ ಕೂತಿದ್ದ. ಅಣ್ಣನ ಎದುರಿಗೆ ಅವನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ.

ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಿದ್ದರು. ತಿಂಗಳಿಡೀ ಸಂಜೆ ಶರಣರ ಕಥೆ ಓದುವುದು, ಒಬ್ಬರು ಅರ್ಥ ಹೇಳುವುದು, ಓಣಿಯ ಮಂದಿ ಬಂದು ಕೂತು ಕೇಳುವುದು. ಕೊನೆಗೆ ಮಂಗಲದ ದಿನ ಮನೆಯ ಮಕ್ಕಳು ಸರದಿಯ ಮೇಲೆ ಒಂದಿಷ್ಟು ಓದಬೇಕು. ಓದಿದರೆ ವಿದ್ಯೆ ಹತ್ತುತ್ತದೆ ಎಂಬ ನಂಬಿಕೆ. ಆ ವರ್ಷ ದೊಡ್ಡಪ್ಪ ಎಲ್ಲರ ಎದುರಿಗೇ ಅಪ್ಪಣೆ ಹೊರಡಿಸಿದರು: "ಮಂಗಲದ ದಿನ ಇಕಿ ಕಡೀ ಸಂಧಿ ಓದಲಿ. ಓದಿದ್ರ ಸಾಲಿ, ಇಲ್ಲಂದ್ರ ಅಡಗಿಮನಿ." ಅಕ್ಕನಿಗೆ ಶಾಲೆ ಬೇಕಿತ್ತು. ನಗಬೇಡಿ, ಓದು ಬಾರದವಳಿಗೆ ಶಾಲೆ ಯಾಕೆಂದು. ಅಲ್ಲಿ ಗೆಳತಿಯರಿದ್ದರು, ಹಾಡಿತ್ತು, ಗೋಡೆಗೆ ತೂಗುಹಾಕಿದ ನಕಾಶೆ ಇತ್ತು, ಲೆಕ್ಕವನ್ನು ಬಾಯಲ್ಲೇ ಕೇಳುವ ಟೀಚರೊಬ್ಬರು ಇದ್ದರು. ಅವರ ಎದುರಿಗೆ ಅಕ್ಕ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು.

ಆಯಿ ಓದು ಬರಹ ಬಾರದವಳು. ಆದರೆ ವರ್ಷಕ್ಕೊಮ್ಮೆ ಕೇಳಿ ಕೇಳಿ ಪುರಾಣವೆಲ್ಲ ಅವಳ ಬಾಯಲ್ಲಿತ್ತು. ಬಜೆ ತೇಯುವ ಹೊತ್ತಿನಲ್ಲಿ ಅವಳು ಆ ಸಂಧಿಯನ್ನು ಸಾಲು ಸಾಲಾಗಿ ಹೇಳುವಳು, ಅಕ್ಕ ಅವಳ ಹಿಂದೆಯೇ ಹೇಳುವಳು. ಅಂಗಳದಲ್ಲಿ ಮುಸುರೆ ತೊಳೆಯುತ್ತ ಅವ್ವ ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಇರುತ್ತಿದ್ದಳು. ಮಂಗಲದ ದಿನ ಅಕ್ಕ ಹಸಿರು ಲಂಗ ಉಟ್ಟು, ವಿಭೂತಿ ಹಚ್ಚಿಕೊಂಡು, ಪುರಾಣದ ಮಣೆಯ ಮುಂದೆ ಕೂತಳು. ಸಾಲಿನ ಮೇಲೆ ಬೆರಳಿಟ್ಟು ಎಂಥ ದನಿಯಲ್ಲಿ ಶುರು ಮಾಡಿದಳೆಂದರೆ, ಬಾಗಿಲಲ್ಲಿ ಗುಸುಗುಸು ಅನ್ನುತ್ತಿದ್ದ ಹೆಂಗಸರೂ ಒಳಗೆ ಬಂದು ಕೂತರು. ಶರಣ ದೇಹ ಬಿಡುವ ಸನ್ನಿವೇಶ. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಲೇ ದೊಡ್ಡಪ್ಪನಿಗೆ ಅನುಮಾನ ಬಂತು. ಮೆಲ್ಲಗೆ ಬಗ್ಗಿ ತಮ್ಮ ಅಗಲವಾದ ಅಂಗೈಯನ್ನು ಹಾಳೆಯ ಮೇಲೆ ಮುಚ್ಚಿದರು. ಅಕ್ಕನ ಬೆರಳು ಯಾವಾಗಲೋ ಹಾಳೆ ಬಿಟ್ಟಿತ್ತು, ಎದುರಿಗೆ ಎಲ್ಲೋ ನೋಡುತ್ತ ಹೇಳುತ್ತಲೇ ಇದ್ದಳು. ಕೈ ಕಂಡಾಗ ನಿಂತಳು. "ನೋಡ್ರಿ, ಇದು ಓದಲ್ಲ, ಕಳ್ಳತನ!" ಎಂದು ದೊಡ್ಡಪ್ಪ ಸಭೆಗೆ ತೋರಿಸಿದರು.

ಜೀವಮಾನವಿಡೀ ಬಾಯಿಪಾಠ ಮಾಡಿಸಿ ಸಂಬಳ ಎಣಿಸಿದ ಮನುಷ್ಯ! ಅವರ ಶಾಲೆಯ ಯಾವ ಜಾಣನೂ ಹೇಳಲಾಗದಷ್ಟು ದೊಡ್ಡ ಸಂಧಿಯನ್ನು ಹುಡುಗಿ ತಪ್ಪಿಲ್ಲದೆ ಹೇಳುತ್ತಿದ್ದರೆ ಅದು ಕಳ್ಳತನವಂತೆ. ಆಯಿ ಒಬ್ಬಳೇ ಬಾಯಿ ಬಿಟ್ಟಳು: "ಬಾಯಾಗ ಬಂತಲ್ಲೋ ಮಾರಾಯಾ, ಎಲ್ಲಿಂದ ಬಂದ್ರೇನು?" "ಅವ್ವಾ, ನೀ ಸುಮ್ ಕೂಡು" ಅಂದರು ದೊಡ್ಡಪ್ಪ. ಉಳಿದ ಸಾಲುಗಳನ್ನು ತಾವೇ ಓದಿ ಮುಗಿಸಿ ಮಂಗಳಾರತಿ ಎತ್ತಿದರು. ಕಣ್ಣೊರೆಸಿಕೊಂಡಿದ್ದ ಹೆಂಗಸರು ಹೋಳಿಗೆ ತುಪ್ಪ ಉಂಡು, "ಪೋರಿ ಭಾಳ ಚಾಲಾಕಿ ನೋಡು" ಎನ್ನುತ್ತ ಕೈ ತೊಳೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಆಯಿ ಸಾಣೆಕಲ್ಲು ತೆಗೆಯಲಿಲ್ಲ. ನಾನು ಒಬ್ಬಳೇ ಶಾಲೆಗೆ ಹೋದೆ.

ಅಕ್ಕನನ್ನು ವಾಡಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಆಯಿ ಹೋದಳು, ಅಪ್ಪ ಅವ್ವ ಹೋದರು. ದೊಡ್ಡಪ್ಪನೂ ಹೋದರು, ಅವರ ಮಗನ ಮನೆಯಲ್ಲಿ ಶಾಲು ಹೊದ್ದ ಫೋಟೋಗೆ ಹಾರ ಹಾಕಿ, ಕೆಳಗೆ ಆದರ್ಶ ಶಿಕ್ಷಕ ಎಂದು ಬರೆಸಿದ್ದಾರೆ. ಓದಲು ಬರುವವರೆಲ್ಲ ಓದಿಕೊಳ್ಳಲಿ. ಮನೆಯನ್ನು ಪಾಲು ಹಂಚಿಕೊಂಡು ಕೆಡವಿದರು, ಆ ತಣ್ಣನೆಯ ಫರ್ಸಿಗಳನ್ನು ಕಿತ್ತು ಯಾರಿಗೋ ಮಾರಿದರು. ಈಗ ಅಲ್ಲಿ ಮೊಬೈಲ್ ಅಂಗಡಿಗಳಿವೆ.

ಹೋದ ವರ್ಷ ನನ್ನ ಮಗಳು ಸೃಷ್ಟಿಗೂ ಅದೇ ಶುರುವಾಯಿತು. ಫೀಸು ನುಂಗುವ ಅವಳ ಶಾಲೆಯವರು, "ಟ್ಯೂಷನ್ ಹಚ್ರಿ, ಮೊಬೈಲ್ ಬಿಡಸ್ರಿ" ಅಂದರು. ದೊಡ್ಡಪ್ಪ ಸತ್ತಿಲ್ಲ, ಟೈ ಕಟ್ಟಿಕೊಂಡಿದ್ದಾರೆ ಅಷ್ಟೆ. ಕಲಬುರಗಿಯ ಡಾಕ್ಟರಮ್ಮ ಮಾತ್ರ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಆಡಿಸಿ, ಓದಿಸಿ ನೋಡಿ ಹೇಳಿದರು: "ಇದು ಡಿಸ್ಲೆಕ್ಸಿಯಾ. ಬುದ್ಧಿ ಚೆನ್ನಾಗಿದೆ. ಇವಳಿಗೆ ಕಲಿಸುವ ರೀತಿ ಬೇರೆ ಇರಬೇಕು, ಸಮಯ ಹೆಚ್ಚು ಕೊಡಬೇಕು." ಇಷ್ಟೇ ಮಾತು. ಇಷ್ಟು ಮಾತು ಆ ಪಡಸಾಲೆಯಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲವಲ್ಲ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಮಗಳನ್ನು ಕರೆದುಕೊಂಡು ವಾಡಿಗೆ ಹೋದೆ. ಅಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಎಲ್ಲ ಕೇಳಿದಳು. "ಅದಕ್ಕೊಂದು ಹೆಸರು ಅದ ಅನ್ನು. ನಾ ಅದು ನನ್ನೊಬ್ಬಾಕಿ ಜಡ್ಡು ಅಂತ ತಿಳಕೊಂಡಿದ್ದೆ" ಅಂದಳು. ಆಮೇಲೆ ಸೃಷ್ಟಿಯ ಕಡೆಗೆ ತಿರುಗಿ, "ಒಂದರ ಮ್ಯಾಲ ಒಂದು ಬೀಳ್ತಾವೇನವ್ವಾ?" ಎಂದು ಕೇಳಿದಳು. "ಹೂಂ ದೊಡ್ಡವ್ವ, ಬೀಳ್ತಾವ" ಎಂದಿತು ಮಗು. ಅಕ್ಕ ಮೊರ ಸರಿಸಿ, ಸೆರಗು ಹೊದ್ದು, ಶುರು ಮಾಡಿದಳು. ಅದೇ ಸಂಧಿ. ಮೊದಲಿನಿಂದ ಅಲ್ಲ, ದೊಡ್ಡಪ್ಪನ ಕೈ ಬಿದ್ದಿತ್ತಲ್ಲ, ಆ ಸಾಲಿನಿಂದ. ಅವಳ ದನಿ ಒಡೆದಿತ್ತು, ಸಾಲು ಒಂದೂ ತಪ್ಪಲಿಲ್ಲ. ಕೊನೆಯ ಪದ್ಯ ಮುಗಿಸಿ, ಕೈ ಮುಗಿದು, ಎದುರಿನ ಬರಿ ಗೋಡೆ ನೋಡಿ ನಗುತ್ತ ಕೇಳಿದಳು:

"ಪೂರಾ ಆತಲ್ಲರಿ ದೊಡ್ಡಪ್ಪಾ, ಈಗರೆ ಸಾಲಿಗಿ ಕಳಸ್ತೀರೇನು?"

ಸೃಷ್ಟಿ ಎದ್ದು ಹೋಗಿ ಅವಳ ತೊಡೆಯ ಮೇಲೆ ಕೂತಳು.