ಆಚೆ ದಡದ ಡಬ್ಬಿ

ಆ ಡಬ್ಬಿಯನ್ನು ಕೆರೆಯ ಆಚೆ ದಡದ ಬಂಡೆ ಸಂದಿಯಲ್ಲಿ ಇಟ್ಟವನು ನಾನು, ಸಿಂಧು. ನೀನು ಬಾವಿಗೆ ಬಿದ್ದು ತಿಂಗಳಾದ ಮೇಲೆ ಇಟ್ಟೆ. ನೀನು ಹುಡುಕಿದ ದಿನ ಅದು ಅಲ್ಲಿರಲಿಲ್ಲ. ಎಲ್ಲಿತ್ತು ಎನ್ನುವುದು ನನಗೂ ಗೊತ್ತಿರಲಿಲ್ಲ — ಗೊತ್ತಿಲ್ಲದೆಯೇ ನಿನ್ನನ್ನು ಅಲ್ಲಿಗೆ ಕಳಿಸಿದೆ.

ಇದನ್ನು ನಿನ್ನ ಜೊತೆ ನಾಲ್ಕು ಜನ ಓದಲಿ ಎಂದೇ ಬರೆಯುತ್ತಿದ್ದೇನೆ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನಪ್ಪ ಮಾದೇಶ ನನ್ನ ಐಟಿಐ ಗೆಳೆಯ. ಅವನು ಗುಂಡ್ಲುಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ, ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆದೆ. ಇಬ್ಬರಿಗೂ ಅದೆಲ್ಲಿಂದ ಹತ್ತಿತೋ ಈ ಹುಚ್ಚು — ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಕಾಡುಮೇಡಿನಲ್ಲಿ ಒಂದು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿನ ಆ್ಯಪ್‌ಗೆ ಹಾಕುತ್ತಾರೆ. ಇನ್ನೊಬ್ಬರು ಆ ಗುರುತು ಹಿಡಿದು ಹೋಗಿ ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದ ಹಾಗೆಯೇ ಇಟ್ಟು ಬಂದು, ಸಿಕ್ಕಿತು ಎಂದು ಆ್ಯಪ್‌ನಲ್ಲಿ ಹಾಕುತ್ತಾರೆ. ಇಷ್ಟೇ ಆಟ. ಮನೆಯವರೆಲ್ಲ ಡಬ್ಬಿ ಆಟ ಎಂದು ನಗುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಇಲ್ಲದ ಜಂಬ. ನಂಜುಂಡ ಹುಡುಕಿದರೆ ಸಿಗದ ಡಬ್ಬಿ ಇಲ್ಲ ಎಂದು ನಿನ್ನಪ್ಪ ಹೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ.

ನೀನು ನಮಗಿಂತ ಚುರುಕಾಗಿದ್ದೆ. ಹಕ್ಕಿ ಕಾಣುವ ಮೊದಲೇ ಅದು ಕೂತ ಕೊಂಬೆ ಅಲುಗಿದ್ದು ನಿನಗೆ ಕಾಣುತ್ತಿತ್ತು. ಅರಣ್ಯ ರಕ್ಷಕಿಯಾಗಬೇಕೆಂದು ಬೆಳಗ್ಗೆ ಎದ್ದು ಕಾಲೇಜಿನ ಮೈದಾನ ಸುತ್ತುತ್ತಿದ್ದ ಹುಡುಗಿ ನೀನು.

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ಜಾಗದಲ್ಲಿ ಹಿಂದೆ ಹೊಲಗಳಿದ್ದವು. ವಯಸ್ಸಾದ ಡಾಕ್ಟರ್ ದಂಪತಿ ಅದನ್ನು ಕೊಂಡು, ಉಳುಮೆ ನಿಲ್ಲಿಸಿ, ಕಾಡು ತಾನಾಗಿ ಬೆಳೆಯಲಿ ಎಂದು ಬಿಟ್ಟಿದ್ದರು. ಲಂಟಾನದ ಪೊದೆ ಆಳೆತ್ತರ ಬೆಳೆದು, ನಡುವಿನ ಕೆರೆ ಹತ್ತಿರ ಹೋಗುವವರೆಗೂ ಕಾಣುತ್ತಿರಲಿಲ್ಲ. ಹೊತ್ತು ಇಳಿಯುವ ಮೊದಲು ಹೊರಗೆ ಬರಬೇಕೆನ್ನುವ ಮಾತಿನ ಮೇಲೆ ಅವರು ಒಪ್ಪಿದರು, ಮಾದೇಶ ಈಚೆ ದಡದ ಮತ್ತಿಮರದ ಪೊಟರೆಯಲ್ಲಿ ತನ್ನ ಡಬ್ಬಿ ಇಟ್ಟ.

ಆ ವರ್ಷ ಮಳೆ ಜೋರಾಗಿತ್ತು. ಡಬ್ಬಿ ಇದೆಯೋ ಇಲ್ಲವೋ ನೋಡಿ ಬಾ ಎಂದು ಮಾದೇಶ ನನ್ನನ್ನು ಕಳಿಸಿದ. ಹೋದೆ. ಅರ್ಧ ದಾರಿಯಲ್ಲಿ ಲಂಟಾನದೊಳಗೆ ಏನೋ ಮುರಿದ ಸದ್ದಾಯಿತು. ಆನೆಯೋ, ಕಡವೆಯೋ, ಒಣಗಿದ ಕೊಂಬೆಯೋ — ನಿಂತು ನೋಡುವ ಧೈರ್ಯ ಇರಲಿಲ್ಲ. ಓಡಿಬಂದೆ. ರಸ್ತೆ ಬದಿಯ ಅಂಗಡಿಯಲ್ಲಿ ಟೀ ಕುಡಿಯುತ್ತ ಆ್ಯಪ್‌ನಲ್ಲಿ ಹೀಗೆ ಹಾಕಿದೆ: ಸಿಕ್ಕಿತು, ಭದ್ರವಾಗಿದೆ, ನೀರು ಬರುತ್ತದೆಂದು ಸ್ವಲ್ಪ ಜಾಗ ಬದಲಿಸಿದ್ದೇನೆ. ಜಾಗ ಬದಲಿಸಿದೆ ಎಂದು ಯಾಕೆ ಸೇರಿಸಿದೆನೋ. ಹೋಗಿದ್ದು ನಿಜ ಅನ್ನಿಸಲಿ ಅಂತ ಇರಬೇಕು. ಸುಳ್ಳಿಗೆ ಒಂದಿಷ್ಟು ಒಗ್ಗರಣೆ.

ಮುಂದಿನ ಭಾನುವಾರ ನೀನು ಒಬ್ಬಳೇ ಹೋದೆ. ಅಲ್ಲಿಂದಲೇ ಫೋನ್ ಮಾಡಿದೆ.

"ಚಿಕ್ಕಪ್ಪ, ಮತ್ತಿಮರ ಉರುಳ್ಬುಟ್ಟದ. ಡಬ್ಬಿ ಎಲ್ಲೂ ಕಾಣ್ತಾ ಇಲ್ಲ. ನೀವು ಎಲ್ಲಿಟ್ರಿ?"

ಆ ಕ್ಷಣ — ಸಿಂಧು, ಆ ಕ್ಷಣವನ್ನು ನಾನು ಎಷ್ಟು ಸಲ ವಾಪಸು ಕೇಳಿದ್ದೇನೋ ದೇವರಿಗೇ ಗೊತ್ತು. ನಾನು ಹೋಗಿರಲಿಲ್ಲ ಕಣಮ್ಮಿ, ವಾಪಸು ಬಾ. ಇಷ್ಟೇ ಸಾಕಿತ್ತು. ನೀನು ನಕ್ಕುಬಿಡುತ್ತಿದ್ದೆ, ಸಂಜೆ ಮಾದೇಶನೂ ನಕ್ಕಿರುತ್ತಿದ್ದ. ಆ ನಗುವಿಗೆ ಹೆದರಿ ನಾನು ಹೇಳಿದ್ದು ಬೇರೆ.

"ಆಚೆ ದಡಕ್ಕೆ ಓಗಮ್ಮಿ. ಬಂಡೆ ಅವಲ್ಲ, ಅದ್ರ ಸಂದೀಲಿ ಅದ. ಸರಿಯಾಗಿ ನೋಡು."

ಸರಿಯಾಗಿ ನೋಡು. ಮಾದೇಶ ಡಬ್ಬಿ ಇಟ್ಟ ದಿನ ಈಚೆ ದಡದಿಂದ ಕಂಡಿದ್ದಷ್ಟೇ, ನಾನೇ ಕಾಲಿಡದ ಜಾಗವನ್ನು ನಿನಗೆ ಸರಿಯಾಗಿ ನೋಡು ಎಂದೆ.

ನೀನು ನೋಡಿದೆ. ಕಲ್ಲು ಕಲ್ಲನ್ನೂ ನೋಡಿದೆ. ಚಿಕ್ಕಪ್ಪ ಇದೆ ಎಂದ ಮೇಲೆ ಇರಲೇಬೇಕು ಎಂದು ಬಂಡೆಯ ಹಿಂದಿನ ಲಂಟಾನಕ್ಕೂ ನುಗ್ಗಿದೆ. ಅದರೊಳಗೆ ಹೊಲವಿದ್ದ ಕಾಲದ ಪಾಳು ಬಾವಿ ಬಾಯಿ ತೆರೆದುಕೊಂಡು ಇತ್ತು.

ಮುಸ್ಸಂಜೆ ಮಾದೇಶನ ಫೋನು: "ಸಿಂಧು ಇನ್ನೂ ಬಂದಿಲ್ಲ ಕಣ್ಲಾ. ಫೋನೂ ಸಿಕ್ತಾ ಇಲ್ಲ." ಟಾರ್ಚ್ ಹಿಡಿದು ಹೊರಟವರೆಲ್ಲ ಈಚೆ ದಡದಲ್ಲೇ ಕೂಗುತ್ತಿದ್ದಾಗ, ಆಚೆ ಬಂಡೆಗಳ ಕಡೆ ಹೋಗೋಣ ಎಂದವನು ನಾನು. ನೀನು ಸಿಕ್ಕಿದ್ದು ಅಲ್ಲೇ. ಹಗ್ಗ ಇಳಿಸಿ ಮೇಲೆತ್ತಿದಾಗ ನೀನು ಅಳುತ್ತಿರಲಿಲ್ಲ. ನನ್ನನ್ನು ನೋಡಿ, "ಸಿಗ್ನಿಲ್ಲ ಚಿಕ್ಕಪ್ಪ" ಎಂದೆ.

ಮೈಸೂರಿನ ಆಸ್ಪತ್ರೆಯಲ್ಲಿ, ಸೊಂಟದ ಮೂಳೆ ಮುರಿದಿದೆ, ನಡೆಯಬಹುದು, ಓಡುವುದು ಕಷ್ಟ ಎಂದರು. ಅದೇ ವರಾಂಡದಲ್ಲಿ ನಿನ್ನಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. "ನೀನು ಜಾಗ ಏಳ್ದೆ ಓಗಿದ್ರೆ ನನ್ ಮಗ್ಳು ಉಳೀತಿರ್ನಿಲ್ಲ ಕಣ್ಲಾ ನಂಜ." ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅಂದಿನಿಂದ ನಿಮ್ಮ ಮನೆಯಲ್ಲಿ ನನಗೆ ಮೊದಲ ಎಲೆ. ಹಬ್ಬಕ್ಕೆ ನಿನ್ನಮ್ಮ ಕರೆದು ಬಡಿಸುವ ಒಂದೊಂದು ಹೋಳಿಗೆಯೂ ಗಂಟಲಲ್ಲಿ ನಿಂತು ಇಳಿಯುತ್ತದೆ — ಇಳಿಯುತ್ತದೆ ನೋಡು, ಅದೇ ನನ್ನ ಹಣೆಬರಹ, ತಿಂದಿದ್ದೇನೆ.

ಇಲ್ಲಿಗೆ ನಿಲ್ಲಿಸಿದ್ದರೂ ಮನುಷ್ಯ ಎನ್ನಬಹುದಿತ್ತು. ಮಲಗಿದಲ್ಲಿಂದಲೇ ನೀನು ಒಂದು ದಿನ ಕೇಳಿದೆ: "ಅಲ್ಲಿ ನಿಜ್ವಾಗ್ಲೂ ಇತ್ತಾ ಚಿಕ್ಕಪ್ಪ? ನಾನು ಒಂದು ಸಂದೀನೂ ಬುಡ್ನಿಲ್ಲ." ನಾಡಿದ್ದು ನಾನೇ ಹೋಗಿ ನೋಡುತ್ತೇನೆ ಎಂದ ಮಾದೇಶ. ಮರುದಿನ ಕಾರ್ಖಾನೆಗೆ ರಜೆ ಹಾಕಿ, ಹೆದರಿ ಓಡಿಬಂದಿದ್ದ ಅದೇ ದಾರಿಯಲ್ಲಿ ಒಬ್ಬನೇ ನಡೆದೆ. ಆನೆಯ ಭಯ ಆ ದಿನ ಎಲ್ಲಿ ಹೋಗಿತ್ತೋ. ಇಡೀ ಕೆರೆ ಸುತ್ತಿದೆ. ಡಬ್ಬಿ ಸಿಕ್ಕಿದ್ದು ಕೋಡಿಯ ಹತ್ತಿರ, ಜೊಂಡಿನ ಕೆಸರಲ್ಲಿ. ಮರ ಬಿದ್ದಾಗಲೇ ನೀರು ಅದನ್ನು ಅಲ್ಲಿಗೆ ಒಯ್ದಿತ್ತು. ಒಳಗಿನ ಚೀಟಿ ನೆನೆದು ಮುದ್ದೆಯಾಗಿತ್ತು. ಕೆಸರು ತೊಳೆದು, ಪಂಚೆಯಲ್ಲಿ ಒರೆಸಿ, ಆಚೆ ದಡಕ್ಕೆ ಹೋಗಿ, ನಿನಗೆ ಹೇಳಿದ್ದ ಬಂಡೆ ಸಂದಿಯಲ್ಲೇ ಇಟ್ಟೆ. ಮೇಲೆ ಒಂದು ಹಿಡಿ ಒಣ ಎಲೆ ಉದುರಿಸಿದೆ.

ಮಾದೇಶ ಅದರ ಫೋಟೋ ತೆಗೆದು ತಂದು ನಿನಗೆ ತೋರಿಸಿದ. "ಇಲ್ನೋಡು, ನಂಜ ಏಳಿದ್ ಜಾಗ್ದಲ್ಲೇ ಅದ." ನಾನು ಪಕ್ಕದಲ್ಲೇ ಕೂತಿದ್ದೆ. ನೀನು ತುಂಬ ಹೊತ್ತು ಫೋಟೋ ನೋಡಿದೆ. "ಹಂಗಾರೆ ನಂಗೇ ಕಾಣ್ನಿಲ್ಲ" ಎಂದೆ.

ಕಾಲು ಹೋಗಿದ್ದು ನನ್ನ ಹೇಡಿತನದಿಂದ. ಕಣ್ಣು ಹೋಗಿದ್ದು — ಅದನ್ನು ನಾನು ಬೇಕೆಂದೇ ಕಿತ್ತುಕೊಂಡೆ. ಈಗ ಅಂಗಡಿಯಲ್ಲಿ ನೀನು ಬೀಜ ತೂಗಿ, ಮತ್ತೆ ತೂಗಿ, ಆಮೇಲೆ ಅಪ್ಪನನ್ನು ಕರೆದು ತೋರಿಸುತ್ತೀಯ. ದಿನಾ ಹತ್ತುವ ಬಸ್ಸಿನ ಬೋರ್ಡನ್ನೂ ಪಕ್ಕದವರ ಹತ್ತಿರ ಓದಿಸುತ್ತೀಯ. ನಿನಗೇನೂ ಆಗಿಲ್ಲ, ಸುಮ್ಮನೆ ಅಂಜಿಕೆ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ನಾನೂ ಹೇಳಿದ್ದೇನೆ, ನನ್ನ ಮುಖಕ್ಕೆ ಬೆಂಕಿ ಬೀಳಲಿ.

ಕಳೆದ ವಾರ ಆ ಕೆರೆ ಜಾಗದ ಡಾಕ್ಟರಮ್ಮ ನಿಮ್ಮ ಮನೆಗೇ ಬಂದು ಕೇಳಿದರು — ಕೆರೆಗೆ ಬರುವ ಹಕ್ಕಿಗಳನ್ನು ನೋಡಿ ಬರೆದಿಡುವ ಕೆಲಸ, ಸಂಬಳವಿದೆ, ಓಡುವುದು ಬೇಕಿಲ್ಲ. ಸೋಮವಾರದೊಳಗೆ ಹೇಳು ಎಂದು ಹೋದರು. ನೀನು ನನ್ನ ಹತ್ತಿರ ಬಂದು ಹೇಳಿದೆ: "ಬ್ಯಾಡ ಚಿಕ್ಕಪ್ಪ. ಕಣ್ಮುಂದೆ ಇದ್ದುದ್ದೇ ಕಾಣ್ದೋಳು ಹಕ್ಕಿ ಏನ್ ನೋಡ್ತಾಳೆ?" ಆವತ್ತಿನಿಂದ ನನಗೆ ನಿದ್ದೆ ಇಲ್ಲ. ನಾನು ಸುಮ್ಮನಿದ್ದರೆ ನೀನು ಬೇಡ ಎನ್ನುತ್ತೀಯ. ಹೇಳಿದರೆ — ಮಾದೇಶ ನನ್ನನ್ನು ಮೆಟ್ಟಿಲು ಹತ್ತಿಸುವುದಿಲ್ಲ. ಹತ್ತಿಸಲೂ ಬಾರದು.

ಇಂದು ಭಾನುವಾರ. ಅಂಗಡಿ ಅರ್ಧ ದಿನ ತೆಗೆದಿರುತ್ತದೆ, ನಿನ್ನಪ್ಪ ಗಲ್ಲಾದ ಮೇಲಿರುತ್ತಾನೆ, ನೀನು ತಕ್ಕಡಿ ಹತ್ತಿರ. ಇದನ್ನು ಮುಗಿಸಿ ಅಲ್ಲಿಗೇ ಬರುತ್ತೇನೆ. ಗಿರಾಕಿಗಳಿದ್ದರೂ ಇರಲಿ, ಇಬ್ಬರ ಎದುರೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ನಂಬಬೇಕಾದದ್ದು ಒಂದೇ, ಅದನ್ನು ನಂಬಿದರೆ ಸಾಕು — ಆ ದಿನ ಬಂಡೆ ಸಂದಿಯಲ್ಲಿ ಏನೂ ಇರಲಿಲ್ಲ, ಸಿಂಧು. ನೀನು ಸರಿಯಾಗಿಯೇ ನೋಡಿದ್ದೆ.