ಹನೋರಾ ಅಜ್ಜಿಯ ಹಸಿರು ಕೋಟು

ಶಾನನ್ ನದಿಯ ಅಳಿವೆಯಲ್ಲಿ ಹೊರದೇಶದ ಅನಿಲದ ಹಡಗು ತಂದು ನಿಲ್ಲಿಸಬೇಕೇ ಬೇಡವೇ ಎಂದು ನಮ್ಮೂರಲ್ಲಿ ಎಷ್ಟು ಸಭೆಗಳಾದವೋ ಅಷ್ಟರಲ್ಲೂ ಹನೋರಾ ಅಜ್ಜಿ ಮುಂದಿನ ಸಾಲಿನಲ್ಲೇ. ಮೈಮೇಲೆ ಅದೇ ಹಸಿರು ಉಣ್ಣೆಯ ಕೋಟು. ಹುಟ್ಟುವಾಗಲೇ ತೊಟ್ಟು ಬಂದಿರಬೇಕೆಂದು ನಾವು ನಗುತ್ತಿದ್ದೆವು. ಭಾಷಣ ಉದ್ದವಾದರೆ ಹೆಣಿಗೆಯ ಕಡ್ಡಿ ಎತ್ತಿ ತಡೆಯುವರು: "ಹೊಗೆ ಕಮ್ಮಿ ಮಾಡ್ತೀವಿ ಅಂತ ಜಗತ್ತಿಗೇ ಮಾತು ಕೊಟ್ರಲ್ಲ, ಅದೇನಾಯ್ತು?" "ಮರ್ತಿಲ್ಲ ಅಜ್ಜಿ, ಸ್ವಲ್ಪ ಕಾಲಕ್ಕೆ ಮಾತ್ರ ಈ ಹಡಗು" ಎಂದು ಸಂಸದ ಫಿನ್‌ಬಾರ್ ರಮಿಸಿದರೆ, "ನಮ್ಮ ಮೈದುನನೂ ಹಂಗೇ ಅಂದ್ಕೊಂಡು ಬಂದಿದ್ದಪ್ಪ, ಕೊನೆಗೆ ಅವನ ಹೆಣಾನೂ ನಮ್ಮನೆಯಿಂದ್ಲೇ ಹೋಯ್ತು" ಎನ್ನುವರು. ಫಿನ್‌ಬಾರ್ ಕೂಡ ನಕ್ಕುಬಿಡುತ್ತಿದ್ದ. ಮೊನ್ನೆ ಮಾತ್ರ ರೇಗಿದ: "ಚಳೀಲಿ ನಡುಗೋ ಮುದುಕರಿಗೋಸ್ಕರ ಅನಿಲ ತರಿಸ್ತಿರೋದು! ನಿಮಗೇನು, ಬೆಚ್ಚಗಿದ್ದೀರಿ." ಅಜ್ಜಿ ತಲೆ ಬಗ್ಗಿಸಿ ಹೆಣಿಗೆ ಮುಂದುವರಿಸಿದರು. ಸಭೆ ಮುಗಿದ ಮೇಲೆ ನಾನು ಅವರನ್ನು ಮನೆತನಕ ಬಿಡಲು ಹೋದೆ. ಬಾಗಿಲು ತೆರೆದರೆ ಒಳಗೆ ಬೀದಿಗಿಂತ ಹೆಚ್ಚು ಚಳಿ. ಚಳಿ ಕಾಯಿಸುವ ಒಲೆಯ ಬಾಯಿಗೆ ಗಾಳಿ ಬಾರದಂತೆ ಹಳೇ ಪತ್ರಿಕೆ ತುರುಕಿದ್ದರು. "ಕೂತ್ಕೋ ಮಗಾ, ಚಹಾ ಮಾಡ್ತೀನಿ" ಎಂದವರು, ಕೊರಳ ಗುಂಡಿಯತ್ತ ಹೋಗಿದ್ದ ನನ್ನ ಕೈಯನ್ನು ಮೆಲ್ಲನೆ ಹಿಡಿದು ತಡೆದರು: "ಕೋಟು ಮಾತ್ರ ಬಿಚ್ಚಬೇಡ."