ರಿಮಾರ್ಕ್ಸ್ ಕಾಲಂನ ಮೂರು ಸಾಲು

ಇವತ್ತು ಆಫೀಸಿನಲ್ಲಿ ಹಳೆಯ ಕಪಾಟು ಖಾಲಿ ಮಾಡುವಾಗ ರಟ್ಟಿನ ರೈಟಿಂಗ್ ಪ್ಯಾಡ್ ಒಂದು ಕೈಗೆ ಬಂತು. ಅದರ ಕ್ಲಿಪ್ಪು ತುಕ್ಕು ಹಿಡಿದಿತ್ತು. ಬೆರಳಿಗೆ ಅಂಟಿದ ಆ ವಾಸನೆ ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಅದೇ ಕೈಯಲ್ಲಿ ಕೂತು ಒಂದು ಪತ್ರ ಟೈಪು ಮಾಡಬೇಕಿತ್ತು. ನಮ್ಮ ವಿಭಾಗದಲ್ಲಿ ಆರು ವರ್ಷದಿಂದ ಕಡತ ನೋಡಿಕೊಳ್ಳುವ ಗುತ್ತಿಗೆ ನೌಕರಳೊಬ್ಬಳ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲಿನ ಅಭಿಪ್ರಾಯ. ಅವಳ ಕೆಲಸದಲ್ಲಿ ಏರುಪೇರಿಲ್ಲ ಎಂದು ಹೇಳಬೇಕು, ಅಷ್ಟೆ. ಕಂಪ್ಯೂಟರು ಸ್ಟೇಬಲ್, ಸ್ಟೆಡಿ, ಕಾನ್ಸ್ಟಂಟ್ ಎಂದು ಶುರುಮಾಡಿ ಒಟ್ಟು ಒಂಬತ್ತು ಪದ ಕೊಟ್ಟಿತು. ನಲವತ್ತು ನಿಮಿಷ ನೋಡಿದೆ. ಒಂದನ್ನೂ ಆರಿಸಲಾಗದೆ ಶಂಕರಘಟ್ಟದಿಂದ ಸಂಜೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎದುರುಮನೆಯ ದೊಡ್ಡಪ್ಪ ನೆನಪಾದರು...

ಅವರು ನಮಗೆ ಸಂಬಂಧಿಕರಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತಮೂರು ವರ್ಷ ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ವಿದ್ಯಾನಗರದಲ್ಲಿ ನಮ್ಮ ಎದುರಿನ ಮನೆಗೆ ಬಾಡಿಗೆಗೆ ಬಂದವರು. ನಾನು ಆಗ ಬಿ.ಎ. ಎರಡನೇ ವರ್ಷ. ಅಪ್ಪನಿಗಿಂತ ಹಿರಿಯರಾದ್ದರಿಂದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ. ದೊಡ್ಡಮ್ಮನಿಗೆ ಶ್ವಾಸಕೋಶದ ತೊಂದರೆ ಇತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ, ನಾಡಿ ನೋಡುವ ಪುಟ್ಟ ಯಂತ್ರವನ್ನು ಗಂಟೆಗೊಮ್ಮೆ ಹಾಕಿ ಬರೆದಿಡಬೇಕೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ದೊಡ್ಡಪ್ಪನೇ ಶುರು ಮಾಡಿದ್ದರು. ಕಾರ್ಖಾನೆಯ ಲಾಗ್ ಶೀಟಿನ ಹಾಗೆ ಉದ್ದ ಹಾಳೆಗೆ ಗೀಟು ಹಾಕಿ, ಗಂಟೆ, ಆಮ್ಲಜನಕ, ನಾಡಿ, ಕೊನೆಗೆ ರಿಮಾರ್ಕ್ಸ್ ಎಂದು ನಾಲ್ಕು ಕಾಲಂ ಮಾಡಿ, ಇಂಥದ್ದೇ ರಟ್ಟಿನ ಪ್ಯಾಡಿಗೆ ಸಿಕ್ಕಿಸಿ, ಮಂಚದ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು.

“ನಿಮ್ಮ ದೊಡ್ಡಪ್ಪಂಗೆ ನಾನೊಂದು ಬಾಯ್ಲರು ಕಣೇ,” ಎನ್ನುತ್ತಿದ್ದರು ದೊಡ್ಡಮ್ಮ, ಬೆರಳು ಮುಂದೆ ಚಾಚಿಕೊಂಡು.

“ಬಾಯ್ಲರ್ ಇಷ್ಟೊಂದು ಮಾತಾಡ್ತಿರ್ಲಿಲ್ಲ.” ದೊಡ್ಡಪ್ಪ ತಲೆ ಎತ್ತದೆ ಬರೆಯುತ್ತಿದ್ದರು.

ನಾನು ಆಗಲೇ ಡೈರಿ ಇಡುತ್ತಿದ್ದೆ. ಎಷ್ಟು ಪುಟ ಓದಿದೆ, ಎಷ್ಟು ಗಂಟೆಗೆ ಎದ್ದೆ ಎಂಬಂಥವು. ಹಾಗಾಗಿ ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಯಿತು. ಅವರು ಬಂದ ಮೊದಲ ಹತ್ತು ತಿಂಗಳಲ್ಲಿ ನೂರ ಹದಿನಾಲ್ಕು ಸಂಜೆ ಅವರ ಮನೆಗೆ ಹೋಗಿದ್ದೇನೆ. ಅವರ ಇಂಗ್ಲಿಷೆಲ್ಲ ಲಾಗ್ ಶೀಟಿನಿಂದ ಕಲಿತದ್ದು. ಮಾತನಾಡಲು ಬರುತ್ತಿರಲಿಲ್ಲ, ಆದರೆ ಗೊತ್ತಿದ್ದ ಮೂವತ್ತು ನಲವತ್ತು ಪದಗಳಲ್ಲಿ ಒಂದನ್ನೂ ಸಡಿಲವಾಗಿ ಬಳಸುತ್ತಿರಲಿಲ್ಲ. ರಿಮಾರ್ಕ್ಸ್ ಕಾಲಂನಲ್ಲಿ ಕೆಲವೊಮ್ಮೆ ಸ್ಟೇಬಲ್, ಕೆಲವೊಮ್ಮೆ ಸ್ಟೆಡಿ ಎಂದು ಏಕೆ ಬರೆಯುತ್ತೀರಿ, ನಿಘಂಟಿನಲ್ಲಿ ಎರಡಕ್ಕೂ ಸ್ಥಿರ ಎಂದೇ ಇದೆಯಲ್ಲ ಎಂದು ಒಂದು ಸಂಜೆ ಕೇಳಿದೆ. ಅವರು ಪ್ಯಾಡು ಕೆಳಗಿಟ್ಟರು. ಒಂದು ಸಲ ಏರುಪೇರಾಗಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತರೆ ಅದು ಸ್ಟೇಬಲ್. ಸ್ಟೆಡಿ ಬೇರೆ. ಅಲ್ಲಿ ಮೀಟರಿನ ಮುಳ್ಳು ಸ್ವಲ್ಪ ಆ ಕಡೆ ಈ ಕಡೆ ಆಡುತ್ತಲೇ ಇರುತ್ತದೆ, ಒಬ್ಬ ಪಕ್ಕದಲ್ಲೇ ನಿಂತು ವಾಲ್ವ್ ತಿರುಗಿಸುತ್ತ ಅದನ್ನು ಕಾಯುತ್ತಿರುತ್ತಾನೆ. ಕಾಯುವವನಿಲ್ಲದೆ ಯಾವುದೂ ಸ್ಟೆಡಿ ಇರುವುದಿಲ್ಲ ಎಂದರು.

“ಹಾಗಾದ್ರೆ ಕಾನ್ಸ್ಟಂಟ್?”

“ಅದನ್ನ ಬರ್ದಿದ್ರೆ ಮೊದ್ಲು ಮೀಟರ್ ತಟ್ಟಿ ನೋಡ್ಬೇಕು ಮಾರಾಯ್ತಿ. ಮುಳ್ಳು ಸಿಕ್ಕಾಕ್ಕೊಂಡಿರತ್ತೆ. ಇಲ್ಲಾಂದ್ರೆ ಬರೆಯೋನು ಕುರ್ಚಿ ಬಿಟ್ಟು ಎದ್ದಿರಲ್ಲ.”

ಕುರ್ಚಿ ರೀಡಿಂಗ್ ಎಂದು ಅದಕ್ಕೆ ಅವರ ಶಿಫ್ಟಿನಲ್ಲಿ ಹೆಸರಿತ್ತಂತೆ. ಮೀಟರಿನ ಹತ್ತಿರ ಹೋಗದೆ, ಹಿಂದಿನ ಗಂಟೆಯ ಅಂಕಿಯನ್ನೇ ಕೆಳಗಿನ ಸಾಲಿಗೆ ಇಳಿಸುವುದು. ನಾನು ಅದನ್ನು ಆ ದಿನ ಡೈರಿಯಲ್ಲಿ ಬರೆದುಕೊಂಡಿದ್ದೇನೆ, ಕೆಳಗೆ ಗೆರೆ ಎಳೆದು.

ಆಮೇಲೆ ಆ ಮಂಗಳವಾರ ಬಂತು. ದೊಡ್ಡಪ್ಪ ಪಿಂಚಣಿಯ ಕೆಲಸಕ್ಕೆ ಭದ್ರಾವತಿಯ ಬ್ಯಾಂಕಿಗೆ ಹೋಗಬೇಕಿತ್ತು. “ವರ್ಷಕ್ಕೊಂದ್ಸಲ ಬದ್ಕಿದ್ದೀನಿ ಅಂತ ಸಹಿ ಹಾಕಿ ಬರ್ಬೇಕು,” ಎಂದು ನಗುತ್ತ ಪ್ಯಾಡನ್ನು ನನ್ನ ಕೈಗೆ ಕೊಟ್ಟರು. ಹತ್ತರ ಸಾಲು ಅವರೇ ತುಂಬಿದ್ದರು. ಹನ್ನೊಂದರಿಂದ ನನ್ನದು. ಮರುದಿನ ನನಗೆ ಇಂಟರ್ನಲ್ ಪರೀಕ್ಷೆ. ಹನ್ನೊಂದಕ್ಕೆ ಯಂತ್ರ ಹಾಕಿ ನೋಡಿದೆ. ಆಮ್ಲಜನಕ ತೊಂಬತ್ತಮೂರು, ನಾಡಿ ಎಂಬತ್ತಾರು. ಹನ್ನೆರಡಕ್ಕೆ ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಬ್ಬಿಸುವುದೇಕೆ ಎನಿಸಿತು. ಎಬ್ಬಿಸಬಾರದೆಂಬ ಕರುಣೆ ಎಷ್ಟು, ಪುಸ್ತಕ ಬಿಟ್ಟು ಏಳಲಾರದ ಬೇಸರ ಎಷ್ಟು ಎಂದು ಆಮೇಲೆ ಬಹಳ ಸಲ ಲೆಕ್ಕ ಹಾಕಿದ್ದೇನೆ. ತಾಳೆಯಾಗಿಲ್ಲ. ತೊಂಬತ್ತಮೂರು, ಎಂಬತ್ತಾರು ಎಂದು ಬರೆದೆ. ಒಂದು ಗಂಟೆಗೂ ಅದೇ. ಎರಡಕ್ಕೂ ಅದೇ. ರಿಮಾರ್ಕ್ಸ್ ಕಾಲಂನಲ್ಲಿ ಮೂರು ಸಲ ಸ್ಟೇಬಲ್ ಎಂದು ದುಂಡಗೆ ಬರೆದೆ.

ದೊಡ್ಡಪ್ಪ ಎರಡೂಕಾಲಿಗೆ ಬಂದರು. ಕಾಲು ತೊಳೆದು, ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಪ್ಯಾಡು ನೋಡಿದರು. ಒರೆಸುತ್ತಿದ್ದ ಕೈ ನಿಂತಿತು. ನೇರ ಮಂಚದ ಹತ್ತಿರ ಹೋಗಿ ದೊಡ್ಡಮ್ಮನ ಬೆರಳಿಗೆ ಯಂತ್ರ ಹಾಕಿದರು. ಆಮ್ಲಜನಕ ಎಂಬತ್ತೊಂದು. ಹೆಸರು ಹಿಡಿದು ಕರೆದರೂ ದೊಡ್ಡಮ್ಮ ಕಣ್ಣು ಪೂರ್ತಿ ಬಿಡಲಿಲ್ಲ. ಆಟೋ ತರಲು ನಾನೇ ಓಡಿದೆ.

ದೊಡ್ಡಮ್ಮ ಮನೆಗೆ ವಾಪಸ್ಸು ಬರಲಿಲ್ಲ. ಒಂಬತ್ತನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು. ಇದು ಎರಡು ಮೂರು ಗಂಟೆಯಲ್ಲಿ ಆದದ್ದಲ್ಲ, ಸೋಂಕು ಒಳಗೇ ವಾರದಿಂದ ಇತ್ತು ಎಂದು ಡಾಕ್ಟರು ಹೇಳಿದರಂತೆ. ದೊಡ್ಡಪ್ಪ ಅದನ್ನು ನಮ್ಮ ಗೇಟಿನ ಹತ್ತಿರ ನಿಂತು ಅಪ್ಪನಿಗೆ ಹೇಳಿದರು. ಎಂದಿಗಿಂತ ಗಟ್ಟಿಯಾಗಿ ಹೇಳಿದರು. ನಾನು ಒಳಗೆ ಇದ್ದೇನೆಂದು ಅವರಿಗೆ ಗೊತ್ತಿತ್ತು.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಹೋದೆ. ಮಂಚ ಮಡಚಿ ಗೋಡೆಗೆ ಒರಗಿಸಿದ್ದರು. ಪ್ಯಾಡು ಅವರ ತೊಡೆಯ ಮೇಲಿತ್ತು, ಅದೇ ಹಾಳೆ. ನಾನು ನಿಂತುಕೊಂಡೇ, ಹನ್ನೆರಡರಿಂದ ಯಂತ್ರ ಹಾಕಿಯೇ ಇರಲಿಲ್ಲ ದೊಡ್ಡಪ್ಪ ಎಂದೆ.

“ಅವತ್ತೇ ಗೊತ್ತಾಯ್ತು ಮಗಾ. ಕೂತ್ಕೋ.”

ಬೈದಿದ್ದರೆ ಕೇಳಿಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಕ್ಷಮಿಸಿದರೆ ಅಳಲೂ ತಯಾರಾಗಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಬೇರೆಯದನ್ನೇ ಕೇಳಿದರು.

“ಆ ಹೊತ್ತಲ್ಲಿ ನೀರೇನಾದ್ರೂ ಕೇಳಿದ್ಲಾ? ನನ್ನ ಕರೆದ್ಲಾ? ಆಸ್ಪತ್ರೇಲಿ ಮಾತೇ ಇರ್ಲಿಲ್ಲ ಅವ್ಳಿಗೆ. ಮನೇಲಿದ್ದ ಕೊನೇ ಹೊತ್ತು ಅದೇ. ನಾನಿರ್ಲಿಲ್ಲ. ನೀನಿದ್ದೆ. ಅದಕ್ಕೆ ಕೇಳ್ತಿದ್ದೀನಿ.”

ನಾನು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದೆ. ಅಧ್ಯಾಯದ ಹೆಸರು ನೆನಪಾಯಿತು. ಓದಿದ ಪುಟಗಳು ಮೂವತ್ತೊಂದು ಎನ್ನುವುದೂ. ಒಮ್ಮೆ ಏನೋ ಗೊಣಗಿದ ಸದ್ದು ಕೇಳಿದಂತೆ, ಇನ್ನೊಂದು ಪುಟ ಮುಗಿಯಲಿ ಎಂದುಕೊಂಡಂತೆ... ಅದು ಆ ದಿನದ್ದೋ, ನಾನು ಆಮೇಲೆ ಸೇರಿಸಿಕೊಂಡದ್ದೋ ಈಗಲೂ ಹೇಳಲಾರೆ. ಕರೆದರು, ನಿಮ್ಮನ್ನೇ ಕರೆದರು ಎಂದುಬಿಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಅದು ನಾಲಗೆಯ ತುದಿಗೂ ಬಂದಿತ್ತು.

“ಗೊತ್ತಿಲ್ಲ ದೊಡ್ಡಪ್ಪ. ನಾನು ನೋಡ್ಲಿಲ್ಲ,” ಎಂದೆ.

ಅವರು ಜೇಬಿನಿಂದ ಪೆನ್ನು ತೆಗೆದು, ನನ್ನ ಮೂರು ಸಾಲಿನ ಮೇಲೆ ಒಂದೊಂದೇ ಗೀಟು ಎಳೆದರು. ಕೆಳಗಿನ ಅಂಕಿ ಕಾಣುವ ಹಾಗೆ ತೆಳ್ಳಗೆ. ರಿಮಾರ್ಕ್ಸ್ ಕಾಲಂನಲ್ಲಿ ಕನ್ನಡದಲ್ಲಿ ನೋಡಿಲ್ಲ ಎಂದು ಬರೆದು ಪ್ಯಾಡನ್ನು ನನ್ನ ಕಡೆ ತಿರುಗಿಸಿದರು. ತಪ್ಪು ತಿದ್ದಿದರೆ ಶಿಫ್ಟಿನವರು ಸಹಿ ಹಾಕಬೇಕಂತೆ. ಹಾಕಿದೆ.

ಅದಾದ ಮೇಲೆ ಅವರು ನನ್ನ ಜೊತೆ ಮಾತು ಬಿಡಲಿಲ್ಲ. ಬಾಗಿಲಲ್ಲಿ ಕಂಡರೆ ಊಟ ಆಯ್ತಾ ಎನ್ನುತ್ತಿದ್ದರು. ಆದರೆ ನಾನು ಹೋಗುವುದು ಕಡಿಮೆಯಾಯಿತು. ವಾರಕ್ಕೆ ಮೂರು ಸಲವಿದ್ದದ್ದು ಒಂದಾಗಿ, ತಿಂಗಳಿಗೊಂದಾಗಿ... ಮುಂದಿನ ವರ್ಷ ಅವರು ಆಯನೂರಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ನಾನು ಒಮ್ಮೆಯೂ ಹೋಗಲಿಲ್ಲ. ಭಾನುವಾರ ಹೋಗಬೇಕು ಎಂದು ಡೈರಿಯಲ್ಲಿ ಹದಿನಾರು ಕಡೆ ಬರೆದಿದ್ದೇನೆ.

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಎರಡು ತಿಂಗಳಾದ ಮೇಲೆ, ಅಪ್ಪನಿಗೆ ಪೇಟೆಯಲ್ಲಿ ಅವರ ತಂಗಿಯ ಮಗ ಸಿಕ್ಕಿದ್ದರಿಂದ. ಯಾವ ದಿನ ಎಂದು ಅಪ್ಪನನ್ನು ಕೇಳಿ ಬರೆದುಕೊಂಡೆ, ಆದರೆ ನನ್ನ ಡೈರಿಯಲ್ಲಿ ಆ ದಿನದ ಪುಟ ತೆಗೆದು ನೋಡುವ ಧೈರ್ಯ ಬಂದಿರಲಿಲ್ಲ. ಇವತ್ತು ಬಸ್ಸಿಳಿದು ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಮುಖ ಕೂಡ ತೊಳೆಯದೆ ತೆಗೆದು ನೋಡಿದೆ. ಆರೂವರೆಗೆ ಎದ್ದದ್ದು. ಬಸ್ಸು ಹನ್ನೆರಡು ನಿಮಿಷ ತಡ. ಮಧ್ಯಾಹ್ನ ಚಿತ್ರಾನ್ನ. ಕೆಳಗೆ, ದುಂಡನೆಯ ಅಕ್ಷರದಲ್ಲಿ: ಉಳಿದದ್ದೆಲ್ಲ ಎಂದಿನಂತೆ.